ಜೇಡದ ಒಂಬತ್ತನೇ ಕಾಲು

ನಮ್ಮೂರಿನಲ್ಲಿ ನನ್ನ ಪಾಲಿಗೆ ಬಂದದ್ದು ಜೇಡದ ಕಾಲು. ನಮ್ಮಪ್ಪನಿಂದ ನನಗೆ ಬಂತು, ಅವರಪ್ಪನಿಂದ ಅವರಿಗೆ ಬಂದಿತ್ತು. ಜೇಡಕ್ಕೆ ಕಾಲೆಷ್ಟು ಎಂದು ಯಾರಾದರೂ ಕೇಳಿದರೆ ಎಂಟು ಎಂದು ಹೇಳುವ ಹಕ್ಕು ಊರಿಗೆಲ್ಲ ನಮ್ಮ ಮನೆಯೊಂದಕ್ಕೇ ಇತ್ತು. ಉಳಿದವರು ಯಾರೇ ಆಗಲಿ, 'ಗೊತ್ತಿಲ್ಲ, ಗವಿಸಿದ್ದಯ್ಯ ಮೇಷ್ಟ್ರನ್ನ ಕೇಳಿ' ಎನ್ನಬೇಕು. ಅವರದೇ ಅಡುಗೆಮನೆ ಮೂಲೆಯಲ್ಲಿ ಜೇಡ ಬಲೆ ಕಟ್ಟಿಕೊಂಡು ಎಂಟೂ ಕಾಲು ಚಾಚಿ ಕೂತಿದ್ದರೂ ಹಾಗೇ ಎನ್ನಬೇಕು.

ಹೀಗೆ ಮನೆಗೊಂದು ಪ್ರಶ್ನೆ, ಮನೆಗೊಂದು ಉತ್ತರ. ಟೀ ಅಂಗಡಿ ಗುತ್ಯಮ್ಮನದು ನೀರು ಕುದಿಯುವ ಶಾಖ. ಎಷ್ಟು ಡಿಗ್ರಿ ಎಂದು ನಾನು ಹೇಳುವಂತಿಲ್ಲ, ಬೇಕಾದರೆ ಅವಳ ಅಂಗಡಿಗೇ ಹೋಗಿ ಕೇಳಿ, ಟೀಯೂ ಸಿಗುತ್ತದೆ. ಬಾವಿ ಓಣಿಯ ಕೊನೆಯ ಮನೆಯವರದು ಆಸ್ಟ್ರೇಲಿಯಾದ ರಾಜಧಾನಿ. ಅವರು ಆ ಪಟ್ಟಣದ ಹೆಸರು ಹೇಳುವ ಠೀವಿ ನೋಡಿದರೆ ಅಲ್ಲಿ ಅವರಿಗೆ ನಾಲ್ಕೆಕರೆ ಗದ್ದೆ ಇದೆಯೇನೋ ಅನ್ನಿಸಬೇಕು. ಜಗತ್ತಿನ ಅತಿ ಎತ್ತರದ ಶಿಖರ ಒಂದೇ ಮನೆಯವರದಾಗಿತ್ತು. ಅಣ್ಣತಮ್ಮಂದಿರು ಪಾಲಾದಾಗ ಶಿಖರದ ಹೆಸರು ಅಣ್ಣ ಜಡೆಯಪ್ಪನಿಗೆ ಹೋಯಿತು, ಎತ್ತರ ತಮ್ಮನಿಗೆ ಹೋಯಿತು. ಆಮೇಲೆ ಯಾರೋ ಶಿಖರವನ್ನು ಮತ್ತೆ ಅಳೆದು ಅದು ಎರಡು ಮೊಳ ಹೆಚ್ಚೇ ಇದೆ ಎಂದು ಸಾರಿದಾಗ, ಆ ಎರಡು ಮೊಳದಲ್ಲಿ ತನಗೂ ಒಂದು ಮೊಳ ಬರಬೇಕೆಂದು ಜಡೆಯಪ್ಪ ಹಟ ಹಿಡಿದ. ಅಣ್ಣತಮ್ಮಂದಿರ ನಡುವೆ ಇವತ್ತಿಗೂ ಮಾತಿಲ್ಲ.

ಹಾಗಾಗಿ ಈ ಕಥೆಯಲ್ಲಿ ನಾನು ಬಾಯಿಬಿಟ್ಟು ಹೇಳುವುದು ಎರಡೇ ಉತ್ತರ. ಒಂದು ಹಿಂದೆ ನನ್ನದಾಗಿತ್ತು, ಇನ್ನೊಂದು ಈಗ ನನ್ನದು.

ನಾನು ಶಾಲೆಯ ಮೇಷ್ಟ್ರು. ಇಂಥ ಊರಿನಲ್ಲಿ ಮೇಷ್ಟ್ರು ಏನು ಕಲಿಸುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಎಲ್ಲವನ್ನೂ ಕಲಿಸುತ್ತಾನೆ. ನದಿ, ಪರ್ವತ, ಅನಿಲ, ಯಾವ ಜೀವಸತ್ವ ಕಡಿಮೆಯಾದರೆ ಯಾವ ರೋಗ, ಟೆಲಿಫೋನು ಕಂಡುಹಿಡಿದವನು ಯಾರು, ಚಂದ್ರನ ಮೇಲೆ ಮೊದಲು ಕಾಲಿಟ್ಟವನು ಯಾರು, ಯಾವುದನ್ನೂ ಬಿಡುವುದಿಲ್ಲ. ಅದೆಲ್ಲ ಮುಗಿದ ಮೇಲೆ ಮುಖ್ಯವಾದ ಪಾಠ ಶುರುವಾಗುತ್ತದೆ. ಅದು 'ಗೊತ್ತಿಲ್ಲ' ಎನ್ನುವ ಪಾಠ. ಗೊತ್ತಿದ್ದವನು ಗೊತ್ತಿಲ್ಲ ಎನ್ನುವುದು ಸುಲಭವಲ್ಲ. ಹುಬ್ಬು ಆಡಬಾರದು, ತುಟಿಯಂಚಿನಲ್ಲಿ ನಗು ಬರಬಾರದು. ಹಿರಿಯರಿಗೆ ಹೇಳುವ ಗೊತ್ತಿಲ್ಲ ಬೇರೆ, ಬೀಗರಿಗೆ ಹೇಳುವ ಗೊತ್ತಿಲ್ಲ ಬೇರೆ. ಉತ್ತರದ ಒಡೆಯನೇ ಪಕ್ಕದಲ್ಲಿ ನಿಂತಿದ್ದಾಗ ಹೇಳುವುದಂತೂ ಎಲ್ಲಕ್ಕಿಂತ ಕಷ್ಟ. ಒಮ್ಮೆ ಹೊರಗಿನಿಂದ ಒಬ್ಬ ಇನ್ಸ್‌ಪೆಕ್ಟರ್ ಬಂದು ನಮ್ಮ ದೇಶದ ರಾಷ್ಟ್ರಪಕ್ಷಿ ಯಾವುದು ಎಂದು ಕೇಳಿದರು. ಮೂವತ್ತೊಂದು ಮಕ್ಕಳೂ ಕೈಕಟ್ಟಿ ನಿಂತು, ಒಂದೇ ರಾಗದಲ್ಲಿ, ಗೊತ್ತಿಲ್ಲ ಎಂದವು. ಈ ಶಾಲೆಯ ಮಕ್ಕಳಿಗೆ ಏನೂ ಬರುವುದಿಲ್ಲ, ಆದರೆ ಬಹಳ ವಿನಯವಂತರು ಎಂದು ಅವರು ವರದಿ ಬರೆದರು. ಆ ವರದಿಗೆ ನಾನು ಗಾಜಿನ ಕಟ್ಟು ಹಾಕಿಸಿದ್ದೇನೆ.

ಊರಿನಲ್ಲಿ ಉತ್ತರಗಳಿಗೆ ಮೇಲು ಕೀಳು ಇದೆ. ಊಟದ ಮೊದಲ ಪಂಕ್ತಿ ರಾಜಧಾನಿಗಳದು. ಎರಡನೆಯದು ಶಿಖರ, ಗ್ರಹ, ಸಮುದ್ರಗಳದು. ಮೂರನೆಯದು ನದಿಗಳದು, ನಾಲ್ಕನೆಯದು ಅನಿಲ, ಧಾತು, ರೋಗರುಜಿನಗಳದು. ಕೊನೆಯ ಪಂಕ್ತಿ ಪ್ರಾಣಿ, ಪಕ್ಷಿ, ಹುಳಹುಪ್ಪಟೆಯವರದು. ನಾವು ಕೂರುವ ಹೊತ್ತಿಗೆ ಪಾಯಸದಲ್ಲಿ ಪಾಯಸ ಮಾತ್ರ ಉಳಿದಿರುತ್ತಿತ್ತು. ಮೂವತ್ತೆರಡು ವರ್ಷ ನಾನು ಊರಿನ ಯಾವ ಊಟದಲ್ಲೂ ಗೋಡಂಬಿ ಕಂಡವನಲ್ಲ. ನಮ್ಮ ಪಕ್ಕದಲ್ಲಿ ಕೂರುತ್ತಿದ್ದ ಉಜ್ಜಿನಪ್ಪ ಮೊದಲು ಮೊದಲನೇ ಪಂಕ್ತಿಯವನೇ. ಅವನದು ದೂರದ ಒಂದು ದೇಶದ ರಾಜಧಾನಿ. ಆ ದೇಶವೇ ಒಡೆದು ಚೂರುಚೂರಾಗಿ ಹೋಯಿತು. ಬೇರೆ ಉತ್ತರ ಕೊಡಿ ಎಂದು ಅವನು ಊರಿನ ಉತ್ತರಗಳನ್ನು ನೋಡಿಕೊಳ್ಳುವ ಸಮಿತಿಗೆ ಅರ್ಜಿ ಕೊಟ್ಟಾಗ, ಆ ದೇಶ ಮತ್ತೆ ಒಂದಾಗುವವರೆಗೆ ಕಾಯಬೇಕೆಂದು ತೀರ್ಮಾನವಾಯಿತು. ಅವನು ಕಾಯುತ್ತಲೇ ಇದ್ದಾನೆ.

ಇಷ್ಟಾದರೂ ನನಗೆ ನನ್ನ ಎಂಟಿನ ಮೇಲೆ ಪ್ರೀತಿ ಇತ್ತು. ದೇಶಗಳು ಒಡೆಯುತ್ತವೆ, ಶಿಖರಗಳು ಬೆಳೆಯುತ್ತವೆ, ರಾಜಧಾನಿಗಳನ್ನು ಎತ್ತಿ ಬೇರೆ ಕಡೆ ಇಡುತ್ತಾರೆ. ಜೇಡ ಮಾತ್ರ ಹಾಗಲ್ಲ. ಯಾವ ಗೋಡೆಗೆ ಹೋಗಿ ಎಣಿಸಿದರೂ ನಾನು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಊಟದ ಕೊನೆಯಲ್ಲಿ ಕೂತು ನೀರು ಪಾಯಸ ಕುಡಿಯುವಾಗ ಆ ಒಂದು ಸಮಾಧಾನ ನನಗಿತ್ತು.

ಈ ಗೊಂದಲವೆಲ್ಲ ಶುರುವಾದದ್ದು ತಿಪ್ಪೇರುದ್ರಪ್ಪನಿಂದ. ಅವನದು ಸೂರ್ಯನ ಸುತ್ತ ತಿರುಗುವ ಗ್ರಹಗಳೆಷ್ಟು ಎಂಬ ಪ್ರಶ್ನೆ, ಉತ್ತರ ಒಂಬತ್ತು. ಬಲು ಗಟ್ಟಿ ಮನೆತನ. ಮನೆಗೆ ಒಂಬತ್ತು ಮೆಟ್ಟಿಲು, ಬಾಗಿಲಿಗೆ ಒಂಬತ್ತು ಹಿತ್ತಾಳೆ ಗುಬುಟು. ಊರಿನಲ್ಲಿ ಯಾರೇ ಗೃಹಪ್ರವೇಶ ಮಾಡಲಿ, ಅವನನ್ನು ಕರೆದು ಕೂರಿಸಿ ಗ್ರಹಗಳೆಷ್ಟು ಎಂದು ಕೇಳದೆ ಹೊಸ್ತಿಲು ದಾಟುತ್ತಿರಲಿಲ್ಲ. ಕೊನೆಯ ಗ್ರಹವನ್ನು ಪಟ್ಟಿಯಿಂದ ತೆಗೆದುಹಾಕಿ ವರ್ಷಗಳೇ ಆಗಿದ್ದವು. ಗುತ್ಯಮ್ಮನ ಅಂಗಡಿಯಲ್ಲಿ ಬಜ್ಜಿ ಕಟ್ಟಿಕೊಡುವ ಹಳೇ ಪೇಪರಿನಲ್ಲಿ ಊರಿನವರೆಲ್ಲ ಆ ಸುದ್ದಿ ಓದಿದ್ದರು, ರುದ್ರಪ್ಪನೂ ಓದಿದ್ದ. ಆದರೆ ಓದಿದ್ದನ್ನು ಓದಿಲ್ಲ ಎನ್ನುವುದು ನಮಗೆ ಎಷ್ಟರ ಮಾತು. ಎಲ್ಲರೂ ಪೇಪರು ಮುದ್ದೆ ಮಾಡಿ ಎಸೆದು ಕೈ ಒರೆಸಿಕೊಂಡಿದ್ದರು.

ಆದರೆ ಕಳೆದ ಮಾಘದಲ್ಲಿ ಒಂದು ಗೃಹಪ್ರವೇಶಕ್ಕೆ ಹೊರಗಿನಿಂದ ಬೀಗರು ಬಂದಿದ್ದರು. ರುದ್ರಪ್ಪ ಶಾಲು ಸರಿಮಾಡಿಕೊಂಡು ಒಂಬತ್ತು ಎಂದ ಕೂಡಲೇ ಬೀಗರ ಕಡೆಯ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಆಮೇಲೆ ಅವರ ಕಡೆಯವರೆಲ್ಲ ನಕ್ಕರು. ಎಂಟಲ್ಲವಾ ಈಗ, ಇವರಿಗೆ ಅಷ್ಟೂ ಗೊತ್ತಿಲ್ಲವಾ ಎಂದು ಒಬ್ಬಾತ ಜೋರಾಗಿಯೇ ಹೇಳಿದ. ರುದ್ರಪ್ಪ ಪೂಜೆ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಅಂದಿನಿಂದ ಅವನು ಮನೆಯ ಒಂಬತ್ತು ಮೆಟ್ಟಿಲು ಇಳಿಯುವುದನ್ನೇ ಬಿಟ್ಟ, ಕೊನೆಗೆ ಇಳಿದು ಬಂದದ್ದು ಸಮಿತಿಗೆ ದೂರು ಕೊಡುವುದಕ್ಕೆ.

ಉತ್ತರ ಸಮಿತಿಗೆ ಜಡೆಯಪ್ಪನೇ ಅಧ್ಯಕ್ಷ. ಶಿಖರದ ಮನೆಯವನಾದರೂ ಆಳು ನನ್ನ ಭುಜಕ್ಕೆ ಬರುವುದಿಲ್ಲ. ಸಮಿತಿ ಕೂರುವುದು ಶಾಲೆಯ ಹಜಾರದಲ್ಲೇ. ಒಂದು ಕಡೆ ನನ್ನ ಮಕ್ಕಳು ಮಗ್ಗಿ ಹೇಳುತ್ತಿರುತ್ತಾರೆ, ಇನ್ನೊಂದು ಕಡೆ ಸಮಿತಿಯವರು ವೀಳ್ಯ ಮೆಲ್ಲುತ್ತಿರುತ್ತಾರೆ. ಅಂದು ಅವರು ಬಹಳ ಹೊತ್ತು ಯೋಚಿಸಿದರು. ರುದ್ರಪ್ಪನಿಗೆ ಎಂಟು ಕೊಟ್ಟರೆ ಅವನ ಮಾನ ಉಳಿಯುತ್ತದೆ. ಆದರೆ ಎಂಟು ಆಗಲೇ ಜೇಡದ ಮನೆಯಲ್ಲಿದೆ. ಒಂದು ಅಂಗಿಯನ್ನು ಇಬ್ಬರು ತೊಡಲಾಗದ ಹಾಗೆ ಒಂದು ಉತ್ತರ ಎರಡು ಮನೆಯಲ್ಲಿ ಇರುವಂತಿಲ್ಲ, ಅದು ಮೊದಲಿನಿಂದ ಬಂದ ಕಟ್ಟಳೆ. ಇತ್ತ ಒಂಬತ್ತು ದಿಕ್ಕಿಲ್ಲದೆ ಬೀದಿಗೆ ಬೀಳುತ್ತದೆ, ಒಡೆಯನಿಲ್ಲದ ಉತ್ತರ ಊರಿಗೆ ಒಳ್ಳೆಯದಲ್ಲ. ಕೊನೆಗೆ ಜಡೆಯಪ್ಪ ನನ್ನನ್ನು ಪಾಠ ನಿಲ್ಲಿಸಿ ಬರಲು ಹೇಳಿ, ಬಲು ಸರಳವಾದ ದಾರಿ ಸಿಕ್ಕಿದೆ ಎಂದ. ಅದಲು ಬದಲು ಮಾಡಿಕೊಳ್ಳುವುದು. ಗ್ರಹ ಎಂಟು, ಜೇಡದ ಕಾಲು ಒಂಬತ್ತು.

ನಾನು ತಮಾಷೆ ಎಂದುಕೊಂಡು ನಕ್ಕೆ. ಯಾರೂ ನಗಲಿಲ್ಲ. ಆಗ ನಾನು, ಗ್ರಹದ ವಿಷಯ ದೊಡ್ಡವರು ಸೇರಿ ಬದಲಾಯಿಸಿದರು, ಒಪ್ಪೋಣ, ಆದರೆ ಜೇಡದ ಕಾಲನ್ನು ಯಾರೂ ಬದಲಾಯಿಸಿಲ್ಲವಲ್ಲ ಎಂದೆ.

"ಅಷ್ಟು ದೊಡ್ಡ ಗ್ರಹಗಳೇ ಹೇಳ್ದಂಗೆ ಕೇಳಿರೋವಾಗ ಜೇಡ ಯಾವ ಲೆಕ್ಕ ಮೇಷ್ಟ್ರೇ," ಎಂದ ಜಡೆಯಪ್ಪ.

ಪುರಾವೆ ತೋರಿಸುತ್ತೇನೆ ಎಂದು ನಾನು ಮನೆಗೆ ಓಡಿದೆ. ನನ್ನ ಹೆಂಡತಿ ಸಿದ್ದಗಂಗಮ್ಮ ದೇವರ ಗೂಡಿನ ಹಿಂದೆ ಇದ್ದ ಒಂದು ದಪ್ಪ ಜೇಡದ ಮೇಲೆ ಲೋಟ ಕವುಚಿ, ಅಡಿಗೆ ಒಂದು ರಟ್ಟು ತೂರಿಸಿ ಕೊಟ್ಟಳು. ಅದನ್ನು ತಂದು ಸಮಿತಿಯ ಮುಂದೆ ಇಟ್ಟು, ಗಾಜಿನ ಲೋಟವಾದ್ದರಿಂದ ಹೊರಗಿನಿಂದಲೇ ಎಣಿಸಬಹುದು ಎಂದೆ. ಮಕ್ಕಳು ಮಗ್ಗಿ ಬಿಟ್ಟು ಕತ್ತು ಉದ್ದ ಮಾಡಿ ನೋಡುತ್ತಿದ್ದವು. ಜಡೆಯಪ್ಪ ಕನ್ನಡಕ ಏರಿಸಿಕೊಂಡು, ಬೆರಳು ಮಡಚುತ್ತಾ ಎರಡು ಸಲ ಎಣಿಸಿದ. ಎಂಟು. ಕಾರ್ಯದರ್ಶಿಯೂ ಎಣಿಸಿದ. ಅವನಿಗೂ ಎಂಟೇ ಬಂತು. ನನಗೆ ಆಗ ಎಷ್ಟು ಹಿಗ್ಗಾಯಿತೆಂದರೆ ಆ ಜೇಡವನ್ನು ಮುದ್ದಾಡಬೇಕು ಅನ್ನಿಸಿತು.

"ಸರಿ ಹೇಳಿದ್ರಿ," ಎಂದ ಜಡೆಯಪ್ಪ ಕನ್ನಡಕ ತೆಗೆದು ಒರೆಸುತ್ತಾ. "ಇದಕ್ಕೆ ಒಂದು ಕಾಲು ಬಿದ್ದುಹೋಗಿದೆ."

ಕಾರ್ಯದರ್ಶಿ ಕೂಡಲೇ ನಡಾವಳಿ ಪುಸ್ತಕದಲ್ಲಿ, ಹಾಜರುಪಡಿಸಿದ ಜೇಡದಲ್ಲಿ ಒಂದು ಕಾಲು ಕಡಿಮೆ ಇರುವುದು ಕಂಡುಬಂದಿದೆ ಎಂದು ಬರೆದುಕೊಂಡ. ಇನ್ನೊಂದು ಜೇಡ ತರುತ್ತೇನೆ ಎಂದೆ. ತನ್ನಿ, ಅದರದೂ ಬಿದ್ದಿರಬಹುದು, ಈಚೆಗೆ ಯಾವುದು ತಾನೇ ಪೂರ್ತಿ ಇರುತ್ತದೆ ಎಂದು ಗುತ್ತಿಗೆಯ ಕೆಲಸಗಳ ಬಗ್ಗೆ ಮಾತಾಡುವ ಹಾಗೆ ಮಾತಾಡಿದರು. ವರ್ಷಕ್ಕೊಮ್ಮೆ ಎಲ್ಲರ ಉತ್ತರ ಕೇಳುವ ದಿನಕ್ಕೆ ಇನ್ನು ಎಂಟು ದಿನ ಇದೆ, ಅಷ್ಟರಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಿ, ಆವತ್ತು ಎಲ್ಲರ ಮುಂದೆ ಒಂಬತ್ತು ಎನ್ನಬೇಕು, ಇಲ್ಲವಾದರೆ ಉತ್ತರವೂ ಹೋಗುತ್ತದೆ, ಉತ್ತರವಿಲ್ಲದವನಿಗೆ ಶಾಲೆಯೂ ಇರುವುದಿಲ್ಲ ಎಂದು ಹೇಳಿ ಸಭೆ ಮುಗಿಸಿದರು. ಏಳುವಾಗ ಜಡೆಯಪ್ಪ ನನ್ನ ಕೈ ಹಿಡಿದುಕೊಂಡು, ಒಂಬತ್ತು ಅಂದರೆ ಸಣ್ಣ ಅಂಕಿಯಲ್ಲ, ಅದರ ಜೊತೆಗೆ ಎರಡನೇ ಪಂಕ್ತಿ ಬರುತ್ತದೆ ಎಂದು ಕಿವಿಯಲ್ಲಿ ಹೇಳಿದ. ನಾನು ಕೈ ಬಿಡಿಸಿಕೊಂಡೆ. ಆದರೆ ತಕ್ಷಣ ಬಿಡಿಸಿಕೊಳ್ಳಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಆ ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಎಲ್ಲಿ ನೋಡಿದರೂ ಜೇಡಗಳೇ ಕಾಣುತ್ತಿದ್ದವು. ಪ್ರತಿಯೊಂದನ್ನೂ ನಿಂತು ಎಣಿಸುತ್ತಿದ್ದೆ. ಊರಿನವರಿಗೂ ಎಲ್ಲ ಗೊತ್ತಿತ್ತು. ಗುತ್ಯಮ್ಮ ಟೀ ಕೊಡುವಾಗ ಸಕ್ಕರೆ ಹೆಚ್ಚು ಹಾಕಿ ಕೊಡುತ್ತಿದ್ದಳು. ಜೇಡದ ವಿಷಯ ತೆಗೆದರೆ ಮಾತ್ರ, ನನಗೇನು ಗೊತ್ತಪ್ಪ, ಅದು ನಿಮ್ಮ ಮನೆಯದು ಎನ್ನುತ್ತಿದ್ದಳು. ಅವಳ ಮುಖದಲ್ಲಿ ಹುಬ್ಬು ಕೂಡ ಆಡಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅವಳಿಗೆ ಅದನ್ನು ಕಲಿಸಿದವನು ನಾನೇ.

ಆರನೇ ದಿನ ರುದ್ರಪ್ಪ ನಮ್ಮ ಮನೆಗೆ ಬಂದ. ಅಷ್ಟು ವರ್ಷದಲ್ಲಿ ಅದೇ ಮೊದಲು. ಎರಡನೇ ಪಂಕ್ತಿಯವರು ನಮ್ಮ ಜಗಲಿ ಹತ್ತುವ ರೂಢಿ ಇಲ್ಲ. ಬಂದವನು ಎಲ್ಲಿ ಕೂರುವುದೆಂದು ತಿಳಿಯದೆ ನಿಂತೇ ಇದ್ದ. ಸಿದ್ದಗಂಗಮ್ಮ ಚಾಪೆ ಹಾಸಿದ ಮೇಲೆ ಕೂತ. ನಾನು ಜಗಳಕ್ಕೆ ಸಿದ್ಧನಾಗಿದ್ದೆ. ಅವನ ಗಲ್ಲ ಒಳಗೆ ಹೋಗಿತ್ತು, ಶಾಲು ಇರಲಿಲ್ಲ.

"ನಮ್ಮಪ್ಪ ಸಾಯೋವಾಗ ನನ್ನ ಕಿವೀಲಿ ಒಂಬತ್ತು ಅಂತ ಹೇಳಿ ಕಣ್ ಮುಚ್ಚಿದ," ಎಂದ. "ಬೇರೆ ಏನೂ ಹೇಳ್ಲಿಲ್ಲ. ಅವ್ವನ್ನ ನೋಡ್ಕೋ ಅಂತಾನೂ ಹೇಳ್ಲಿಲ್ಲ. ಅದನ್ನ ನಿಮಗೆ ಕೊಡ್ತಾ ಇದೀನಿ ಮೇಷ್ಟ್ರೇ. ಚೆನ್ನಾಗಿ ಇಟ್ಕೊಳ್ಳಿ."

ಅವನನ್ನು ದ್ವೇಷಿಸಬೇಕೆಂದು ನಾನು ಐದು ದಿನದಿಂದ ಕೂಡಿಸಿಟ್ಟುಕೊಂಡದ್ದೆಲ್ಲ ಆ ಒಂದು ಮಾತಿಗೆ ಕರಗಿತು. ಬೇಡ, ಒಂಬತ್ತೇ ಹೇಳು, ನಗುವವರು ನಗಲಿ ಎಂದು ನಾನು ಹೇಳಿನೋಡಿದೆ. ಆ ಹೆಂಗಸಿನ ನಗು ಕಿವಿಯಿಂದ ಹೋಗುತ್ತಿಲ್ಲ ಎಂದ. ಕಾಫಿ ಕುಡಿದು ಎದ್ದ. ಬಾಗಿಲಲ್ಲಿ ತಿರುಗಿ ನಿಂತು, ಎಂಟು ಹೇಗಿರುತ್ತದೆ, ಹೇಳುವಾಗ ಬಾಯಿಗೆ ಸರಾಗವಾಗಿ ಬರುತ್ತದಾ ಎಂದು ಕೇಳಿದ. ಬರುತ್ತದೆ, ಅಭ್ಯಾಸವಾಗಬೇಕು ಎಂದೆ.

ಅವನು ಹೋದ ಮೇಲೆ ಸಿದ್ದಗಂಗಮ್ಮ ಲೋಟ ತೊಳೆಯುತ್ತಾ ತನ್ನ ತೀರ್ಪು ಕೊಟ್ಟಳು.

"ಒಂಬತ್ತು ಅನ್ನಿ. ಜೇಡ ಬಂದು ಕೇಳ್ತದಾ?"

ಮಕ್ಕಳು ಕೇಳುತ್ತವೆ ಎಂದೆ. ನಿಮ್ಮ ಮಕ್ಕಳು ಕೇಳುವುದಿಲ್ಲ, ನೀವು ಹಾಗೆ ಕಲಿಸಿಲ್ಲ ಎಂದಳು. ಸುಳ್ಳು ಹೇಳಿದರೆ ನಾಲಿಗೆ ಬೀಳುವುದಿಲ್ಲ, ಕೆಲಸ ಹೋದರೆ ಹೊಟ್ಟೆಗೆ ಪೆಟ್ಟು ಬೀಳುತ್ತದೆ ಎಂದಳು. ಆಮೇಲೆ ಸ್ವಲ್ಪ ಮೆತ್ತಗೆ, ಎರಡನೇ ಪಂಕ್ತಿಯಲ್ಲಿ ಹೆಂಗಸರಿಗೂ ಬೇರೆ ಸಾಲು ಹಾಕುತ್ತಾರಂತೆ, ಗೋಡಂಬಿ ತುಪ್ಪದಲ್ಲಿ ಹುರಿದಿರುತ್ತಾರಂತೆ ಎಂದಳು. ಮದುವೆಯಾಗಿ ಬಂದ ದಿನದಿಂದ ಅವಳು ನನ್ನ ಎಂಟಿನ ಬಗ್ಗೆ ಒಂದು ದೂರೂ ಹೇಳಿರಲಿಲ್ಲ. ಅವಳಿಗೂ ಆಸೆ ಇತ್ತೆಂದು ನನಗೆ ಅವತ್ತೇ ತಿಳಿದದ್ದು.

ಕೇಳುವ ದಿನ ಶಾಲೆಯ ಹಜಾರದಲ್ಲಿ ಊರಿಗೆ ಊರೇ ಸೇರುತ್ತದೆ. ಅಧ್ಯಕ್ಷನು ಮನೆಮನೆಯ ಯಜಮಾನರನ್ನು ಕರೆದು ಅವರವರ ಪ್ರಶ್ನೆ ಕೇಳುತ್ತಾನೆ. ಅವರು ಉತ್ತರ ಹೇಳುತ್ತಾರೆ. ಆಗ ಸಭೆಯೆಲ್ಲ ಒಂದೇ ದನಿಯಲ್ಲಿ, "ಓಹೋ, ಗೊತ್ತಿರಲಿಲ್ಲ" ಎನ್ನುತ್ತದೆ. ಇಷ್ಟೇ ಶಾಸ್ತ್ರ. ಇದನ್ನು ವರ್ಷಕ್ಕೊಮ್ಮೆ ಮಾಡಿಸಿಕೊಂಡರೆ ಉತ್ತರ ಇನ್ನೊಂದು ವರ್ಷ ನಿಮ್ಮದು. ಹುಳಹುಪ್ಪಟೆಯವರಿಂದ ಶುರುವಾಗಿ ರಾಜಧಾನಿಗಳಲ್ಲಿ ಮುಗಿಯುತ್ತದೆ. ಉಜ್ಜಿನಪ್ಪನನ್ನೂ ಕರೆಯುತ್ತಾರೆ. ಅವನು ಎದ್ದು ನಿಲ್ಲುತ್ತಾನೆ, ಪ್ರಶ್ನೆ ಇಲ್ಲದ್ದರಿಂದ ಸುಮ್ಮನೆ ಕೂರುತ್ತಾನೆ.

ಇರುವೆಯ ಮನೆಯವರದು ಆಯಿತು, ಬಾವಲಿಯದು ಆಯಿತು. ನನ್ನ ಹೆಸರು ಬಂತು. ಮುಂದೆ ನನ್ನ ಮೂವತ್ತೊಂದು ಮಕ್ಕಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವು. ಅವುಗಳ ಹಿಂದೆ ಅವುಗಳ ಅಪ್ಪ ಅವ್ವಂದಿರು. ಅವರಲ್ಲಿ ಅರ್ಧಕ್ಕರ್ಧ ನನ್ನ ಹಳೆಯ ಮಕ್ಕಳೇ. ರುದ್ರಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಸಿದ್ದಗಂಗಮ್ಮ ಹೊಸ ಸೀರೆ ಉಟ್ಟಿದ್ದಳು.

"ಜೇಡಕ್ಕೆ ಕಾಲೆಷ್ಟು?" ಎಂದ ಜಡೆಯಪ್ಪ.

ಎಂಟು ಎನ್ನಲು ನಾಲಿಗೆ ತಾನಾಗಿಯೇ ಎದ್ದಿತ್ತು. ಅಷ್ಟು ವರ್ಷದ ಅಭ್ಯಾಸ. ಅದನ್ನು ಹಲ್ಲಿನ ಹಿಂದೆ ತಡೆದು ನಿಲ್ಲಿಸಿದೆ. ಹೇಳಿಬಿಡಲೇ ಎಂದುಕೊಂಡೆ. ಹೇಳಿದರೆ ಏನಾಗುತ್ತದೆ ಎಂದೂ ಎಣಿಸಿದೆ. ಸಭೆಯಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಕೆಮ್ಮಿದ್ದರೂ ಸಾಕಿತ್ತು, ನನಗೆ ಧೈರ್ಯ ಬರುತ್ತಿತ್ತು. ಯಾರೂ ಕೆಮ್ಮಲಿಲ್ಲ.

"ಒಂಬತ್ತು," ಎಂದೆ.

"ಓಹೋ, ಗೊತ್ತಿರಲಿಲ್ಲ," ಎಂದಿತು ಸಭೆ.

ಮೂವತ್ತೆರಡು ವರ್ಷದಿಂದ ನಾನು ಆ ಮಾತು ಕೇಳುತ್ತಾ ಬಂದಿದ್ದೇನೆ. ಅಷ್ಟೂ ವರ್ಷ ಅದು ಸುಳ್ಳಾಗಿತ್ತು, ಏಕೆಂದರೆ ನಾನು ಹೇಳುತ್ತಿದ್ದುದು ಎಲ್ಲರಿಗೂ ಗೊತ್ತಿರುತ್ತಿತ್ತು. ಅಂದು ಮಾತ್ರ ಊರಿನವರು ನಿಜ ಹೇಳಿದರು. ಜೇಡಕ್ಕೆ ಒಂಬತ್ತು ಕಾಲೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಕೂರುವಾಗ ಜಾಗ ನೋಡದೆ ಬಾವಲಿಯ ಮನೆಯವನ ತೊಡೆಯ ಮೇಲೆ ಕೂತೆ. ಆತ ನನ್ನನ್ನು ಮೆಲ್ಲಗೆ ಎತ್ತಿ, ನಿಮ್ಮ ಜಾಗ ಈಗ ಇಲ್ಲಲ್ಲ, ಮುಂದೆ ಎಂದು ಕೈ ತೋರಿಸಿದ. ರುದ್ರಪ್ಪನ ಸರದಿ ಬಂದಾಗ ಅವನು ಎಂಟು ಎಂದ. ನಾನು ಹೇಳುತ್ತಿದ್ದುದಕ್ಕಿಂತ ಸಣ್ಣ ದನಿಯಲ್ಲಿ ಎಂದ. ಅದು ಸರಿಯಾದ ಉತ್ತರವೇ ಆದರೂ ಅವನ ಮುಖ ನನ್ನ ಮುಖದ ಹಾಗೆಯೇ ಇತ್ತು.

ಊಟ ಎರಡನೇ ಪಂಕ್ತಿಯಲ್ಲಿ ಆಯಿತು. ಪಾಯಸದಲ್ಲಿ ಗೋಡಂಬಿ ಇತ್ತು. ನನ್ನ ಎಲೆಗೆ ಬಿದ್ದದ್ದನ್ನು ನಾನು ಎಣಿಸಲಿಲ್ಲ. ಎಣಿಸುವ ಅಭ್ಯಾಸವನ್ನೇ ಬಿಡಬೇಕೆಂದು ಅಷ್ಟು ಹೊತ್ತಿಗೆ ತೀರ್ಮಾನ ಮಾಡಿದ್ದೆ. ಸಿದ್ದಗಂಗಮ್ಮ ಎರಡು ಸಲ ಬಡಿಸಿಕೊಂಡಳು, ಮನೆಗೆ ಬಂದ ಮೇಲೆ ಮಾತ್ರ ಪೊರಕೆ ಹಿಡಿದು ಮೂಲೆ ಮೂಲೆಯ ಬಲೆಯನ್ನೆಲ್ಲ ಗುಡಿಸಿ ಹಾಕಿದಳು.

ಮಾರನೆಯ ಬೆಳಿಗ್ಗೆ ಶಾಲೆಗೆ ಹೋಗುವಾಗ ಮಕ್ಕಳ ಮುಖ ಹೇಗೆ ನೋಡುವುದೆಂದು ಅಳುಕಿತ್ತು. ಮುಸಿಮುಸಿ ನಗಬಹುದು, ಕಪ್ಪು ಹಲಗೆಯ ಮೇಲೆ ಜೇಡದ ಚಿತ್ರ ಬರೆದಿಟ್ಟಿರಬಹುದು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೆ ಬರೆದಿರಲಿ ಎಂದೇ ಆಸೆಪಟ್ಟೆ. ಒಂದು ಮಗು ನಕ್ಕರೂ ಸಾಕು, ನಾನು ಕಲಿಸಿದ್ದು ಎಲ್ಲೋ ಒಂದು ಕಡೆ ಸೋರಿ ಹೋಗಿದೆ ಎಂದಾಗುತ್ತಿತ್ತು.

ಹಜಾರದ ಬಾಗಿಲಲ್ಲಿ ನಿಂತೆ. ಯಾರೂ ಬೆಂಚಿನ ಮೇಲೆ ಇರಲಿಲ್ಲ. ಮೂವತ್ತೊಂದು ಮಕ್ಕಳೂ ಮೊಣಕಾಲೂರಿ, ಸಮಿತಿ ಕೂತಿದ್ದ ಕಡೆಯ ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ, ಚಾಪೆ ಎತ್ತಿ, ಕಲ್ಲಿನ ಸಂದಿಗಳಲ್ಲಿ ಕಡ್ಡಿ ಆಡಿಸಿ ಏನನ್ನೋ ಹುಡುಕುತ್ತಿದ್ದವು. ಯಾರದೋ ಕಿವಿಯೋಲೆ ಬಿದ್ದಿರಬೇಕೆಂದುಕೊಂಡು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆ. ನಾಲ್ಕನೇ ತರಗತಿಯ ಹನುಮಕ್ಕ ತಲೆ ಎತ್ತಿದಳು. ಜಾಣೆ, ಅವಳಷ್ಟು ಚೆನ್ನಾಗಿ ಗೊತ್ತಿಲ್ಲ ಎನ್ನುವವರು ಶಾಲೆಯಲ್ಲಿ ಇನ್ನೊಬ್ಬರಿಲ್ಲ. ಆದರೆ ಈಗ ಅವಳ ಮುಖದಲ್ಲಿ ಆ ಪಾಠ ಇರಲಿಲ್ಲ. ಮೂಗಿನ ಮೇಲೆ ಧೂಳು ಮೆತ್ತಿತ್ತು, ಕಣ್ಣು ತಿಳಿಯಾಗಿತ್ತು.

"ಆವತ್ತು ನಿಮ್ಮ ಜೇಡದ್ದು ಒಂದು ಕಾಲು ಇಲ್ಲೇ ಬಿದ್ದುಹೋಯ್ತಲ್ಲ ಮೇಷ್ಟ್ರೇ," ಎಂದಳು. "ಅದನ್ನ ಹುಡುಕ್ತಾ ಇದೀವಿ. ಬಿದ್ದಿದ್ದು ಎಡಗಡೇದಾ, ಬಲಗಡೇದಾ?"

ಉಳಿದ ಮೂವತ್ತು ತಲೆಗಳೂ ನನ್ನ ಕಡೆ ತಿರುಗಿದವು. ಜೇಡದ ಕಾಲಿನ ವಿಷಯ ಊರಿನಲ್ಲಿ ಹೇಳಬಲ್ಲವನು ನಾನೊಬ್ಬನೇ. ಅವು ಕಾಯುತ್ತಿದ್ದವು. ನಾನು ಕೊಡೆಯನ್ನು ಗೋಡೆಗೆ ಒರಗಿಸಿದೆ, ಅದು ಜಾರಿತು, ಮತ್ತೆ ಒರಗಿಸಿದೆ. ಬೇರೆ ಮಾಡಲು ಏನೂ ಉಳಿಯಲಿಲ್ಲ.

"ಎಡಗಡೇದು," ಎಂದೆ.

"ಓಹೋ, ಗೊತ್ತಿರಲಿಲ್ಲ," ಎಂದು ಮೂವತ್ತೊಂದು ಮಕ್ಕಳೂ ನಾನೇ ಕಲಿಸಿದ ರಾಗದಲ್ಲಿ ಹೇಳಿ, ಎದ್ದು, ಎಡಗಡೆಯ ಗೋಡೆಯ ಬುಡಕ್ಕೆ ಹೋಗಿ ಹುಡುಕತೊಡಗಿದವು.